ಲ್ಯಾಪ್‌ಟಾಪ್ ಇಲ್ಲದೆ ಮೂರು ನಿಮಿಷದ ಹಾಡು: ಗ್ರೂವ್‌ಬಾಕ್ಸ್‌ಗೆ ಚಿಕ್ಕಮಗಳೂರಿನಿಂದ ಒಂದು ಸಮಗ್ರ ಮಾರ್ಗದರ್ಶಿ

ಗ್ರೂವ್‌ಬಾಕ್ಸ್ ಎಂಬ ಸಂಗೀತದ ಪೆಟ್ಟಿಗೆ ತಗೊಂಡವರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತಾರೆ. ನಾಲ್ಕು ಬಾರ್‌ನ (ಒಂದು ಬಾರ್ ಅಂದರೆ ನಾಲ್ಕು ಎಣಿಕೆ) ಒಂದು ಲೂಪ್, ಅಂದರೆ ಮತ್ತೆ ಮತ್ತೆ ಸುತ್ತುವ ತುಣುಕು, ಚೆನ್ನಾಗಿ ಬರುತ್ತದೆ. ಅದನ್ನೇ ಗಂಟೆಗಟ್ಟಲೆ ಕೇಳುತ್ತಾರೆ, ಮೇಲೆ ಇನ್ನೊಂದು ಸದ್ದು ಸೇರಿಸುತ್ತಾರೆ, ಮತ್ತೊಂದು ಸೇರಿಸುತ್ತಾರೆ. ಕೊನೆಗೆ ಎಲ್ಲ ಗಿಜಿಗಿಜಿ ಆಗಿ, ಬೇಜಾರಾಗಿ ಪೆಟ್ಟಿಗೆ ಮುಚ್ಚಿಡುತ್ತಾರೆ. ಹಾಡು ಮಾತ್ರ ಆಗುವುದಿಲ್ಲ.

ಅದಕ್ಕೇ ಇಲ್ಲಿ ಪೆಟ್ಟಿಗೆಯ ಎಲ್ಲ ಬಟನ್‌ಗಳ ಪರಿಚಯ ಮಾಡಿಕೊಡಲು ಹೋಗಿಲ್ಲ. ಎಂಟೇ ಸದ್ದು, ನಾಲ್ಕು ಬಾರ್, ಒಂದು ರಾಗ. ಇಷ್ಟರಿಂದ ಮೂರು ನಿಮಿಷದ ಹಾಡು ಮುಗಿಸುವ ದಾರಿ ಹೇಳುತ್ತೇನೆ. ಆ ಎಂಟರಲ್ಲಿ ಮೂರು ಸದ್ದುಗಳು ನಮ್ಮ ಜಿಲ್ಲೆಯವೇ ಆಗಿರಲಿ ಎಂಬುದು ನನ್ನ ಆಸೆ. ಕಂಪನಿಯವರು ತುಂಬಿ ಕೊಟ್ಟ ಸದ್ದುಗಳು ಎಲ್ಲರ ಹತ್ತಿರವೂ ಇರುತ್ತವೆ. ಕಣದಲ್ಲಿ ಒಣಗಿದ ಕಾಫಿಯ ಸದ್ದು ಎಲ್ಲರಿಗೂ ಸಿಗುವುದಿಲ್ಲ.

ಹೊಸಬರಿಗೆ ಎರಡು ಮಾತು. ಡ್ರಮ್ ಮೆಷಿನ್, ಸಿಂಥ್ (ಸದ್ದು ಹುಟ್ಟಿಸುವ ಯಂತ್ರ) ಅಥವಾ ಸ್ಯಾಂಪ್ಲರ್ (ರೆಕಾರ್ಡ್ ಮಾಡಿದ ಸದ್ದಿನ ತುಣುಕು, ಅಂದರೆ ಸ್ಯಾಂಪಲ್, ನುಡಿಸುವ ಯಂತ್ರ), ಮತ್ತು ಸೀಕ್ವೆನ್ಸರ್ (ಸದ್ದುಗಳನ್ನು ಸಾಲಾಗಿ ಜೋಡಿಸಿ ನುಡಿಸುವ ಭಾಗ), ಇವೆಲ್ಲ ಒಂದೇ ಪೆಟ್ಟಿಗೆಯಲ್ಲಿ ಇದ್ದರೆ ಅದು ಗ್ರೂವ್‌ಬಾಕ್ಸ್. ರೋಲ್ಯಾಂಡ್ ಕಂಪನಿ 1996ರಲ್ಲಿ ಎಂಸಿ-303 ಎಂಬ ಪೆಟ್ಟಿಗೆಯನ್ನು ಈ ಹೆಸರಿನಲ್ಲಿ ಮಾರಿತು. ಹೆಡ್‌ಫೋನ್ ಚುಚ್ಚಿ ಆನ್ ಮಾಡಿದರೆ ಸಾಕು, ಕಂಪ್ಯೂಟರ್ ಬೇಡ.

ಯಾವ ಪೆಟ್ಟಿಗೆ?

ಈ ಪ್ರಶ್ನೆಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳಬೇಡಿ. ಕೊಳ್ಳುವ ಮೊದಲು ಮೂರು ವಿಷಯ ನೋಡಿ. ಎಷ್ಟು ಟ್ರ್ಯಾಕ್, ಅಂದರೆ ಬೇರೆ ಬೇರೆ ಸದ್ದು ಇಡುವ ಸಾಲು, ಇದೆ? ಬ್ಯಾಟರಿಯಲ್ಲಿ ಓಡುತ್ತದೆಯೇ? ಹೊರಗಿನ ಸದ್ದನ್ನು ತಾನೇ ರೆಕಾರ್ಡ್ ಮಾಡುತ್ತದೆಯೇ?

ಎಲೆಕ್ಟ್ರಾನ್ ಡಿಜಿಟ್ಯಾಕ್ಟ್ (2017) ಎಂಟು ಆಡಿಯೋ ಟ್ರ್ಯಾಕ್ ಕೊಡುತ್ತದೆ, ತಾನೇ ಸ್ಯಾಂಪಲ್ ಮಾಡುತ್ತದೆ, ಆದರೆ ಅದರೊಳಗೆ ಬ್ಯಾಟರಿ ಇಲ್ಲ. ರೋಲ್ಯಾಂಡ್ ಎಸ್‌ಪಿ-404 ಎಂಕೆ2 (2021) ಸ್ಯಾಂಪಲ್ ಮಾಡುತ್ತದೆ, ಆರು ಪೆನ್ಸಿಲ್ ಸೆಲ್‌ನಲ್ಲಿ ಓಡುತ್ತದೆ. ರೋಲ್ಯಾಂಡ್ ಎಂಸಿ-101 (2019) ನಾಲ್ಕು ಸೆಲ್‌ನಲ್ಲಿ ಓಡುತ್ತದೆ. ಅದರಲ್ಲಿ ನಾಲ್ಕೇ ಟ್ರ್ಯಾಕ್, ಆದರೆ ಒಂದು ಡ್ರಮ್ ಟ್ರ್ಯಾಕ್‌ನಲ್ಲೇ 16 ಸದ್ದು ಇಡಬಹುದು. ನೋವೇಶನ್ ಸರ್ಕಿಟ್ ಟ್ರ್ಯಾಕ್ಸ್ (2021) ಒಳಗೆ ಚಾರ್ಜ್ ಆಗುವ ಬ್ಯಾಟರಿ ಇದೆ, ಎರಡು ಸಿಂಥ್ ಮತ್ತು ನಾಲ್ಕು ಡ್ರಮ್ ಟ್ರ್ಯಾಕ್ ಇವೆ, ಆದರೆ ಸ್ಯಾಂಪಲ್‌ಗಳನ್ನು ಕಂಪ್ಯೂಟರ್‌ನಿಂದ ಹಾಕಬೇಕು. ಎಲೆಕ್ಟ್ರಾನ್‌ನ ಮಾಡೆಲ್:ಸ್ಯಾಂಪಲ್ಸ್‌ಗೂ (2019) ಸ್ಯಾಂಪಲ್‌ಗಳನ್ನು ಕಂಪ್ಯೂಟರ್‌ನಿಂದಲೇ ಹಾಕಬೇಕು, ಅದರಲ್ಲಿ ಆರು ಟ್ರ್ಯಾಕ್.

ಮಲೆನಾಡಿನಲ್ಲಿ ಇರುವವರಿಗೆ ನಾನು ಹೇಳುವುದು ಒಂದೇ: ಬ್ಯಾಟರಿ ಇರುವುದನ್ನೇ ತಗೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೆ ಪ್ರತಿ ಪ್ಯಾಡ್ ಒತ್ತಿ, ಪ್ರತಿ ನಾಬ್ ತಿರುಗಿಸಿ, ಸೆಲ್ ಹಾಕುವ ಗೂಡಿನಲ್ಲಿ ಹಸಿರು ತುಕ್ಕು ಇದೆಯೇ ನೋಡಿ. ಹೆಡ್‌ಫೋನ್ ಜಾಕ್ ಅಲ್ಲಾಡಿಸಿದಾಗ ಸದ್ದು ಕಡಿದರೆ ಬೇಡ.

ಕರೆಂಟು ಮತ್ತು ಮಳೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಸೇವ್ ಮಾಡುವ ಮೊದಲೇ ಹೋದರೆ ಹಲವು ಪೆಟ್ಟಿಗೆಗಳಲ್ಲಿ ಮಾಡಿದ ಕೆಲಸವೆಲ್ಲ ಹೋಯಿತು. ಬ್ಯಾಟರಿಯ ಮೊದಲ ಲಾಭ ಇದು.

ಎರಡನೆಯದು ಹಮ್. ಮನೆಯ ಇನ್ವರ್ಟರ್ ಮೇಲೆ ಅಡಾಪ್ಟರ್ ಹಾಕಿದಾಗ ಹೆಡ್‌ಫೋನ್‌ನಲ್ಲಿ ಗುಂಯ್ ಅನ್ನುವ ಸದ್ದು ಬರುವುದುಂಟು. ಅರ್ಥಿಂಗ್ ಸರಿಯಿಲ್ಲದ ಹಳೆಯ ಮನೆಗಳಲ್ಲೂ ಹೀಗೆ ಆಗುತ್ತದೆ. ಅಡಾಪ್ಟರ್ ತೆಗೆದು ಬ್ಯಾಟರಿಗೆ ಹಾಕಿ ನೋಡಿ. ಗುಂಯ್ ನಿಂತರೆ ತೊಂದರೆ ಕರೆಂಟಿನದು, ಪೆಟ್ಟಿಗೆಯದಲ್ಲ. ಸ್ಪೀಕರ್ ಮತ್ತು ಪೆಟ್ಟಿಗೆಯನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೂ ಎಷ್ಟೋ ಸಲ ಸರಿಹೋಗುತ್ತದೆ. ಹಮ್ ಹೋಗಲೆಂದು ಪ್ಲಗ್‌ನ ಅರ್ಥ್ ಪಿನ್ ಕಿತ್ತು ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ಜೀವಕ್ಕೆ ಅಪಾಯ.

ಚಾರ್ಜ್ ಆಗುವ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ ಒಂದಕ್ಕೆ 1.2 ವೋಲ್ಟ್, ಸಾಮಾನ್ಯ ಆಲ್ಕಲೈನ್‌ಗೆ 1.5 ವೋಲ್ಟ್. ಆರು ಸೇರಿದಾಗ 7.2 ಮತ್ತು 9. ಈ ವ್ಯತ್ಯಾಸದಿಂದ ಬ್ಯಾಟರಿ ಮುಗಿದಿದೆ ಎಂದು ಪೆಟ್ಟಿಗೆ ತಪ್ಪಾಗಿ ತೋರಿಸಬಹುದು. ಸೆಟ್ಟಿಂಗ್‌ನಲ್ಲಿ ಯಾವ ಬಗೆಯ ಸೆಲ್ ಎಂದು ಆರಿಸುವ ಅವಕಾಶ ಇದ್ದರೆ ಮೊದಲು ಅದನ್ನು ಸರಿಮಾಡಿ. ಬೇರೆ ಅಡಾಪ್ಟರ್ ಹಾಕುವುದಾದರೆ ವೋಲ್ಟ್ ನೋಡಿದರೆ ಸಾಲದು. ನಡುವಿನ ಪಿನ್ ಪ್ಲಸ್ಸೋ ಮೈನಸ್ಸೋ ಎಂಬ ಚಿತ್ರ ಎರಡರ ಮೇಲೂ ಇರುತ್ತದೆ. ಅವು ಹೊಂದಬೇಕು. ಗಿಟಾರ್ ಪೆಡಲ್‌ನ 9 ವೋಲ್ಟ್ ಅಡಾಪ್ಟರ್ ಸಾಮಾನ್ಯವಾಗಿ ನಡುವೆ ಮೈನಸ್, ಬೇರೆ ಎಷ್ಟೋ ಯಂತ್ರಗಳಿಗೆ ನಡುವೆ ಪ್ಲಸ್ ಬೇಕು.

ಮಳೆಗಾಲದ ಥಂಡಿಗೆ ನಾಬ್‌ಗಳು ಕರಕರ ಅನ್ನಲು ಶುರುಮಾಡುತ್ತವೆ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಬಣ್ಣ ಬದಲಾಗುವ ಬಗೆಯ ಜೆಲ್ ತಗೊಂಡರೆ ಯಾವಾಗ ಒಣಗಿಸಬೇಕು ಎಂದು ನೋಡಿದರೇ ಗೊತ್ತಾಗುತ್ತದೆ. ಇದು ಸಣ್ಣ ಕೆಲಸ ಅನಿಸಬಹುದು, ಆದರೆ ಬಾಳೆಹೊನ್ನೂರಿನಲ್ಲಿ ಕೂತು ರಿಪೇರಿಗೆ ಬೆಂಗಳೂರಿಗೆ ಕಳಿಸುವುದು ಅದಕ್ಕಿಂತ ದೊಡ್ಡ ಕೆಲಸ.

ಖಾಲಿ ಪ್ರಾಜೆಕ್ಟ್ ತೆರೆಯಿರಿ

ಕಂಪನಿಯ ಡೆಮೊ ಹಾಡುಗಳನ್ನು ಒಮ್ಮೆ ಕೇಳಿ, ಆಮೇಲೆ ಬಿಟ್ಟುಬಿಡಿ. ಹೊಸ ಖಾಲಿ ಪ್ರಾಜೆಕ್ಟ್ ಮಾಡಿ. ಹೆಸರು ಕೊಡಿ. ವೇಗ 120 ಬಿಪಿಎಂ, ಅಂದರೆ ನಿಮಿಷಕ್ಕೆ 120 ಎಣಿಕೆ, ಇಡಿ. ಪ್ಯಾಟರ್ನ್ (ಲೂಪಿನ) ಉದ್ದ 64 ಸ್ಟೆಪ್ (ಒಂದು ಎಣಿಕೆಗೆ ನಾಲ್ಕು ಸ್ಟೆಪ್), ಅಂದರೆ ನಾಲ್ಕು ಬಾರ್. 120ರಲ್ಲಿ ಒಂದು ಸ್ಟೆಪ್ 125 ಮಿಲಿಸೆಕೆಂಡ್. 64 ಸ್ಟೆಪ್ ಅಂದರೆ ಸರಿಯಾಗಿ 8 ಸೆಕೆಂಡ್. ಈ ಲೆಕ್ಕ ಮುಂದೆ ಉಪಯೋಗಕ್ಕೆ ಬರುತ್ತದೆ.

ಈಗಲೇ ಸೇವ್ ಮಾಡಿ. ಸೇವ್ ಮಾಡುವ ಬಟನ್ ಜೋಡಿ ಯಾವುದು ಎಂದು ಕೈಗೆ ರೂಢಿಯಾಗಲಿ. ಹಾಗೆಯೇ ಪ್ಯಾಟರ್ನ್ ಕಾಪಿ ಮಾಡುವುದು ಹೇಗೆ, ಟ್ರ್ಯಾಕ್ ಮ್ಯೂಟ್ ಮಾಡುವುದು ಹೇಗೆ, ಒಂದು ಸ್ಟೆಪ್ ಅಳಿಸುವುದು ಹೇಗೆ, ಇಷ್ಟನ್ನು ಮ್ಯಾನ್ಯುಯಲ್‌ನಲ್ಲಿ ಹುಡುಕಿ ಒಂದು ಚೀಟಿಯಲ್ಲಿ ಬರೆದಿಡಿ. ಉಳಿದದ್ದು ನಿಧಾನಕ್ಕೆ.

ಡ್ರಮ್: ಹದಿನಾರು ಮನೆಗಳು

ಹದಿನಾರು ಬಟನ್‌ಗಳ ಸಾಲು ಒಂದು ಬಾರ್. ನಾಲ್ಕು ಎಣಿಕೆ, ಪ್ರತಿ ಎಣಿಕೆಗೆ ನಾಲ್ಕು ಸ್ಟೆಪ್. ಸಂಗೀತ ಕಲಿತವರಿಗೆ ಇದು ಚತುರಶ್ರ ನಡೆ. ಆದಿತಾಳದ ಒಂದು ಆವರ್ತನ ಎಂಟು ಅಕ್ಷರ, ಅಂದರೆ 32 ಸ್ಟೆಪ್. ನಮ್ಮ 64ರಲ್ಲಿ ಸರಿಯಾಗಿ ಎರಡು ಆವರ್ತನ ಕೂರುತ್ತವೆ. ಸಂಗೀತ ಪಾಠಕ್ಕೆ ಹೋಗಿದ್ದವರು ತಾಳ ಹಾಕುತ್ತಲೇ ಈ ಪೆಟ್ಟಿಗೆ ಕಲಿಯಬಹುದು.

ಮೊದಲು ಕಿಕ್, ಅಂದರೆ ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್ಮಿನ ಸದ್ದು: 1, 5, 9, 13. ಪ್ಲೇ ಒತ್ತಿ. ನಿಮಿಷ ಹೊತ್ತು ಸುಮ್ನೆ ಕೇಳಿ.

ಆಮೇಲೆ ಚಪ್ಪಾಳೆಯ ಸದ್ದು: 5 ಮತ್ತು 13. ತೆರೆದ ಹೈಹ್ಯಾಟ್ (ಜೋಡಿ ತಟ್ಟೆಯ ಸದ್ದು): 3, 7, 11, 15. ಈಗಲೇ ಕಾಲು ಕುಣಿಯುತ್ತದೆ. ಇದು ಜಗತ್ತಿನ ಅತಿ ಸಾಮಾನ್ಯ ಲಯ, ಅದರಲ್ಲಿ ತಪ್ಪೇನಿಲ್ಲ. ಜೀವ ಬರುವುದು ಮುಂದಿನ ಎರಡು ಕೆಲಸಗಳಿಂದ.

ಒಂದು, ಜೋರು ಮತ್ತು ಮೆತ್ತಗೆ. ಪ್ರತಿ ಸ್ಟೆಪ್‌ಗೂ ವೆಲಾಸಿಟಿ ಎಂಬ ಸಂಖ್ಯೆ ಇರುತ್ತದೆ, 1ರಿಂದ 127ರವರೆಗೆ. ಹದಿನಾರೂ ಮನೆಗಳಲ್ಲಿ ಒಂದು ಗಿಲಕಿಯಂಥ ಸದ್ದು ಹಾಕಿ. ಎಲ್ಲವೂ 100 ಇದ್ದರೆ ಹೊಲಿಗೆ ಮೆಷಿನ್ ಓಡಿದಂತಿರುತ್ತದೆ. 3, 7, 11, 15ನ್ನು 100ರಲ್ಲಿ ಬಿಡಿ, ಉಳಿದವನ್ನು 40ರಿಂದ 60ಕ್ಕೆ ಇಳಿಸಿ. ಎರಡು ಕಡೆ ಪೂರ್ತಿ ತೆಗೆದುಬಿಡಿ. ಆ ಖಾಲಿ ಜಾಗದಲ್ಲಿ ಲಯ ಉಸಿರಾಡುತ್ತದೆ.

ಎರಡು, ಸ್ವಿಂಗ್. ಇದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಿ, ಯಾಕೆಂದರೆ ಒಂದೇ ನಾಬ್ ಹಾಡಿನ ಸ್ವಭಾವವನ್ನೇ ಬದಲಿಸುತ್ತದೆ. ಸ್ವಿಂಗ್ ಸಮ ಸಂಖ್ಯೆಯ ಸ್ಟೆಪ್‌ಗಳನ್ನು, ಅಂದರೆ 2, 4, 6, 8 ಹೀಗೆ, ಸ್ವಲ್ಪ ತಡವಾಗಿ ನುಡಿಸುತ್ತದೆ. ರೋಜರ್ ಲಿನ್ ರೂಪಿಸಿ ಅಕಾಯ್ ಕಂಪನಿ 1988ರಲ್ಲಿ ತಂದ ಎಂಪಿಸಿ60ಯಿಂದ ಈ ಗುಣಕ್ಕೆ ದೊಡ್ಡ ಹೆಸರು ಬಂತು. 50 ಅಂದರೆ ನೇರ. 66ರ ಹತ್ತಿರ ಹೋದರೆ ಮೂರರ ಎಣಿಕೆಯ ತಿಶ್ರದ ಓಟ. 120ರ ವೇಗದಲ್ಲಿ ಎರಡು ಸ್ಟೆಪ್ ಸೇರಿ 250 ಮಿಲಿಸೆಕೆಂಡ್. ಸ್ವಿಂಗ್ 58 ಇಟ್ಟರೆ ಎರಡನೆಯದು 125ರ ಬದಲು 145ಕ್ಕೆ ಬೀಳುತ್ತದೆ. ಬರೀ 20 ಮಿಲಿಸೆಕೆಂಡ್ ತಡ. ಆದರೂ ದೇಹಕ್ಕೆ ಗೊತ್ತಾಗುತ್ತದೆ. 54ರಿಂದ 58ರ ನಡುವೆ ಕಣ್ಣು ಮುಚ್ಚಿ ತಿರುಗಿಸಿ, ಹಿತ ಅನಿಸಿದಲ್ಲಿ ನಿಲ್ಲಿಸಿ. ನಿಮ್ಮ ಪೆಟ್ಟಿಗೆಯಲ್ಲಿ ಸಂಖ್ಯೆ ಸೊನ್ನೆಯಿಂದ ಶುರುವಾಗುತ್ತಿದ್ದರೆ ಸೊನ್ನೆಯೇ ನೇರ ಎಂದು ತಿಳಿಯಿರಿ.

ನಮ್ಮ ಕಡೆಯ ಮೂರು ಸದ್ದು

ನನಗೆ ಅತಿ ಖುಷಿ ಕೊಡುವ ಭಾಗ ಇದು.

ಮೊದಲನೆಯದು ಒಣಗಿದ ಕಾಫಿ ಚೆರಿ. ಕಣದಲ್ಲಿ ಚೆರಿ ಒಣಗಿತೋ ಇಲ್ಲವೋ ನೋಡಲು ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗಿನ ಬೀಜ ಗಲಗಲ ಅಂದರೆ ಒಣಗಿದೆ ಎಂದರ್ಥ. ಆ ಗಲಗಲವೇ ನಮ್ಮ ಗಿಲಕಿ. ಅರೇಬಿಕಾ ಕೊಯ್ಲು ನವೆಂಬರ್ ಸುಮಾರಿಗೆ ಶುರುವಾಗುತ್ತದೆ, ಆಮೇಲೆ ರೋಬಸ್ಟಾ. ಆ ತಿಂಗಳುಗಳಲ್ಲಿ ತೋಟದವರನ್ನು ಕೇಳಿದರೆ ಒಂದು ಹಿಡಿ ಚೆರಿ ಕೊಡುವುದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ. ಸ್ಟೀಲ್ ಡಬ್ಬಿಯಲ್ಲಿ ಹಾಕಿದರೆ ಸದ್ದು ಚುರುಕು, ಬಟ್ಟೆ ಚೀಲದಲ್ಲಿ ಹಾಕಿದರೆ ಮೆತ್ತಗೆ. ಎರಡನ್ನೂ ರೆಕಾರ್ಡ್ ಮಾಡಿ.

ಎರಡನೆಯದು ಮಳೆ. ಹಂಚಿನ ಮೇಲೆ ಬೀಳುವ ಮಳೆ ಮೆತ್ತಗೆ, ಜಿಂಕ್ ಶೀಟಿನ ಮೇಲೆ ಬೀಳುವುದು ಚೂಪು. ಹಾಡಿನ ಹಿಂದೆ ಹಾಸಿಗೆಯ ಹಾಗೆ ಹರಡಲು ಹಂಚಿನ ಮಳೆ ಒಳ್ಳೆಯದು. ಜಿಂಕ್ ಶೀಟಿನ ಮಳೆಯಿಂದ ಹತ್ತನೇ ಒಂದು ಸೆಕೆಂಡ್‌ನಷ್ಟು ಚೂರು ಕತ್ತರಿಸಿದರೆ ಅದೇ ಒಂದು ಹೈಹ್ಯಾಟ್ ಆಗುತ್ತದೆ.

ಮೂರನೆಯದು ಚರ್ಮವಾದ್ಯ. ನಮ್ಮಲ್ಲಿ ವೀರಗಾಸೆ ಇದೆ, ಅದರಲ್ಲಿ ನುಡಿಸುವ ಸಂಬಾಳ ಎಂಬ ಜೋಡಿ ಚರ್ಮವಾದ್ಯ ಇದೆ, ಡೊಳ್ಳು ಇದೆ. ಹಾಸನದ ಕಡೆ ಚಿಟ್ಟಿಮೇಳ ಇದೆ. ಜಾತ್ರೆಯಲ್ಲಿ ಕದ್ದು ರೆಕಾರ್ಡ್ ಮಾಡುವುದು ಬೇಡ. ಕಲಾವಿದರನ್ನು ಮಾತಾಡಿಸಿ, ಏನು ಮಾಡುತ್ತೀರಿ ಎಂದು ತಿಳಿಸಿ, ಒಪ್ಪಿದರೆ ಮಾತ್ರ ರೆಕಾರ್ಡ್ ಮಾಡಿ. ಹಾಡು ಹೊರಗೆ ಬಿಡುವಾಗ ಅವರ ಹೆಸರು ಹಾಕಿ, ದುಡ್ಡು ಬಂದರೆ ಪಾಲು ಕೊಡಿ. "ಅಣ್ಣಾ, ಒಂದೊಂದೇ ಪೆಟ್ಟು ಬೇರೆ ಬೇರೆ ಹೊಡೀತೀರಾ?" ಎಂದು ಕೇಳಿಕೊಳ್ಳಿ. ಕೂಡಿ ನುಡಿಸುವಾಗ ಮಾಡಿದ ರೆಕಾರ್ಡಿಂಗ್‌ಗಿಂತ ಸಂಬಾಳದ ನಾಲ್ಕು ಬಿಡಿ ಪೆಟ್ಟುಗಳು ನಮಗೆ ಜಾಸ್ತಿ ಉಪಯೋಗ.

ರೆಕಾರ್ಡ್ ಮಾಡುವ ಕ್ರಮ ಹೀಗೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ರೆಕಾರ್ಡರ್ ಆ್ಯಪ್‌ನಲ್ಲಿ ವೇವ್ (WAV) ಫಾರ್ಮ್ಯಾಟ್ ಆರಿಸಿ. ಚೆರಿಯಂಥ ಸಣ್ಣ ಸದ್ದಿಗೆ ಒಂದಡಿ ದೂರ ಸಾಕು. ಡೊಳ್ಳಿಗಾದರೆ ಐದಾರು ಅಡಿ ಹಿಂದೆ ಸರಿಯಿರಿ, ಇಲ್ಲದಿದ್ದರೆ ಸದ್ದು ಒಡೆಯುತ್ತದೆ, ಒಡೆದದ್ದನ್ನು ಆಮೇಲೆ ಸರಿಮಾಡಲು ಆಗುವುದಿಲ್ಲ. ಮೀಟರ್ ಕೆಂಪಿಗೆ ಹೋಗಬಾರದು, ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಇರಲಿ. ಗಾಳಿ ಇದ್ದರೆ ಫೋನಿನ ಮೈಕ್ ಕಡೆಗೆ ತೆಳುವಾದ ಹತ್ತಿ ಬಟ್ಟೆ ಸುತ್ತಿ. ಮುಗಿದ ಮೇಲೆ ಸುತ್ತಲಿನ ಬರೀ ಮೌನವನ್ನೂ ಅರ್ಧ ನಿಮಿಷ ಹಿಡಿದಿಡಿ. ಜೀರುಂಡೆ ಇರುವ ಆ ಮೌನ ಎಲ್ಲೋ ಒಂದು ಕಡೆ ಬೇಕಾಗುತ್ತದೆ.

ಪೆಟ್ಟಿಗೆಗೆ ಹಾಕಿದ ಮೇಲೆ ಮೊದಲು ಕತ್ತರಿಸಿ. ಸದ್ದು ಶುರುವಾಗುವ ಜಾಗಕ್ಕೆ ಸರಿಯಾಗಿ ಸ್ಟಾರ್ಟ್ ಪಾಯಿಂಟ್ ತನ್ನಿ. ಮುಂದೆ 30 ಮಿಲಿಸೆಕೆಂಡ್ ಖಾಲಿ ಬಿಟ್ಟರೂ ಲಯ ಹಿಂದೆ ಬೀಳುತ್ತದೆ. ಶುರು ಅಥವಾ ಕೊನೆಯಲ್ಲಿ ಟಿಕ್ ಅಂದರೆ ಅಟ್ಯಾಕ್ (ಸದ್ದು ಏರುವ ಸಮಯ), ರಿಲೀಸ್ (ಕೊನೆಯಲ್ಲಿ ಆರುವ ಸಮಯ) ಒಂಚೂರು ಹೆಚ್ಚಿಸಿ. ಚೆರಿಯ ಡಿಕೇ (ಸದ್ದು ಇಳಿಯುವ ಸಮಯ) ಚಿಕ್ಕದು ಮಾಡಿ, ಒಂದು ಸ್ಟೆಪ್‌ಗಿಂತ ಕಡಿಮೆ ಇರಲಿ. ಸಂಬಾಳದ ಪಿಚ್ ಅನ್ನು ನಾಲ್ಕೈದು ಸೆಮಿಟೋನ್ ಇಳಿಸಿ ಕೇಳಿ, ಬೇರೆಯದೇ ಗಾತ್ರದ ವಾದ್ಯ ಸಿಗುತ್ತದೆ.

ಮೆಮೊರಿ ಕಡಿಮೆ ಇದೆ ಎಂದು ಹೆದರಬೇಡಿ. ಸಿಡಿ ಗುಣಮಟ್ಟದ ಮೋನೋ ಸದ್ದು ಸೆಕೆಂಡಿಗೆ ಸುಮಾರು 88 ಕೆಬಿ. 64 ಎಂಬಿಯಲ್ಲಿ ಹನ್ನೆರಡು ನಿಮಿಷ ಹಿಡಿಯುತ್ತದೆ. ನಮ್ಮ ಹಾಡಿಗೆ ಅರ್ಧ ನಿಮಿಷದಷ್ಟು ಸ್ಯಾಂಪಲ್ ಸಾಕು.

ಈಗ ಎಂಟು ಟ್ರ್ಯಾಕ್ ಹೀಗೆ ಜೋಡಿಸಿ: ಕಿಕ್, ಚಪ್ಪಾಳೆ, ಹೈಹ್ಯಾಟ್, ಚೆರಿ, ಮಳೆ, ಸಂಬಾಳ, ಬೇಸ್, ಮೆಲೊಡಿ. ಆರೇ ಟ್ರ್ಯಾಕ್ ಇದ್ದರೆ ಹೈಹ್ಯಾಟ್ ಮತ್ತು ಚಪ್ಪಾಳೆ ಬಿಡಿ. ಊರಿನ ಸದ್ದು ಬಿಡಬೇಡಿ.

ಬೇಸ್

ಕಿಕ್ ಮತ್ತು ಬೇಸ್ (ತಗ್ಗು ಸ್ವರಗಳ ಸಾಲು) ಎರಡೂ ಕೆಳಗಿನ ಜಾಗಕ್ಕೆ ಜಗಳ ಆಡುತ್ತವೆ. ಸುಲಭದ ಪರಿಹಾರ: ಕಿಕ್ ಇರುವ ಮನೆಯಲ್ಲಿ ಬೇಸ್ ಹಾಕಬೇಡಿ. ಬೇಸ್ 3, 7, 11, 15ರಲ್ಲಿ ಇರಲಿ. ಮೂರು ಬಾರ್ ಪೂರ್ತಿ ಕೆಳಗಿನ ಸ. ನಾಲ್ಕನೇ ಬಾರ್‌ನಲ್ಲಿ 11ಕ್ಕೆ ಪ, 15ಕ್ಕೆ ದ. ಅಷ್ಟೇ. ಸಿಂಥ್ ಸದ್ದಿಗೆ ಗರಗಸದ ಅಲೆ (ಸಾ ವೇವ್) ಅಥವಾ ಚೌಕ ಅಲೆ ಆರಿಸಿ, ಮೇಲಿನ ಚೂಪು ಸದ್ದನ್ನು ತಡೆಯುವ ಲೋ ಪಾಸ್ ಫಿಲ್ಟರ್ ಅರ್ಧಕ್ಕಿಂತ ಕೆಳಗೆ ಮುಚ್ಚಿ. ಈ ಫಿಲ್ಟರ್ ನಾಬ್ ಆಮೇಲೆ ಹಾಡು ಕಟ್ಟುವಾಗ ನಿಮ್ಮ ಮುಖ್ಯ ಆಯುಧ.

ಮೆಲೊಡಿ: ಮೋಹನದಲ್ಲಿ

ಈ ಯಂತ್ರಗಳಲ್ಲಿ ರಾಗ ನುಡಿಸುವುದು ಹೊಸದೇನಲ್ಲ. 1982ರಲ್ಲೇ ಮುಂಬೈನ ಚರಣ್‌ಜಿತ್ ಸಿಂಗ್ ರೋಲ್ಯಾಂಡ್‌ನ ಟಿಆರ್-808 ಡ್ರಮ್ ಮೆಷಿನ್, ಟಿಬಿ-303 ಬೇಸ್ ಯಂತ್ರ, ಜುಪಿಟರ್-8 ಸಿಂಥ್ ಮೂರನ್ನೂ ಸೇರಿಸಿ ಹತ್ತು ರಾಗಗಳನ್ನು ನೃತ್ಯದ ಲಯಕ್ಕೆ ಕೂರಿಸಿ ರೆಕಾರ್ಡ್ ಮಾಡಿದ್ದರು. ಆಗ ಅದನ್ನು ಹೆಚ್ಚು ಜನ ಕೇಳಲಿಲ್ಲ. ದಶಕಗಳ ನಂತರ ಜಗತ್ತು ಬೆರಗಾಗಿ ಕೇಳಿತು.

ಮೋಹನ ಶುರುಮಾಡಲು ಒಳ್ಳೆಯ ರಾಗ. ಐದೇ ಸ್ವರ: ಸ ರಿ ಗ ಪ ದ. ಸಿ ಸ್ವರ ಸ ಆದರೆ ಸಿ, ಡಿ, ಇ, ಜಿ, ಎ. ಪೆಟ್ಟಿಗೆಯ ಸ್ಕೇಲ್ ಪಟ್ಟಿಯಲ್ಲಿ ಮೇಜರ್ ಪೆಂಟಟಾನಿಕ್ ಎಂದು ಇರುವುದೇ ಈ ಸ್ವರಗಳು. ಅದನ್ನು ಆರಿಸಿದರೆ ಯಾವ ಪ್ಯಾಡ್ ಒತ್ತಿದರೂ ಅಪಸ್ವರ ಬರುವುದಿಲ್ಲ. ಮೈನರ್ ಪೆಂಟಟಾನಿಕ್ ಆರಿಸಿದರೆ ಶುದ್ಧ ಧನ್ಯಾಸಿಯ ಸ್ವರಗಳು ಸಿಗುತ್ತವೆ. ಬೇಸರದ ಸಂಜೆಗೆ ಅದು.

ಹೀಗೆ ಹಾಕಿ ನೋಡಿ. ಮೊದಲ ಬಾರ್: 1ಕ್ಕೆ ಗ, 4ಕ್ಕೆ ಪ, 7ಕ್ಕೆ ದ, 11ಕ್ಕೆ ಪ, 13ಕ್ಕೆ ಗ. ಎರಡನೇ ಬಾರ್ ಖಾಲಿ. ಮೂರನೇ ಬಾರ್: 1ಕ್ಕೆ ಗ, 4ಕ್ಕೆ ರಿ, 7ಕ್ಕೆ ಸ. ನಾಲ್ಕನೆಯದು ಖಾಲಿ. ಖಾಲಿ ಬಾರ್ ತುಂಬಿಸುವ ಆಸೆ ಬಂದೇ ಬರುತ್ತದೆ. ತುಂಬಿಸಬೇಡಿ. ಸದ್ದನ್ನು ಪ್ರತಿಧ್ವನಿಯಂತೆ ಮತ್ತೆ ಕೇಳಿಸುವ ಡಿಲೇ ಎಫೆಕ್ಟ್ ಅಲ್ಲಿ ಮಾತಾಡಲಿ. ಡಿಲೇ ಸಮಯ ಮೂರು ಸ್ಟೆಪ್, ಅಂದರೆ 375 ಮಿಲಿಸೆಕೆಂಡ್ ಇಡಿ. ಎಷ್ಟು ಸಲ ಮರುಕಳಿಸಬೇಕು ಎನ್ನುವ ಫೀಡ್‌ಬ್ಯಾಕ್ ಅರ್ಧಕ್ಕಿಂತ ಕಡಿಮೆ ಇರಲಿ.

ಸ್ವರ ಹಾಕಿದ ಮಾತ್ರಕ್ಕೆ ರಾಗ ಆಗುವುದಿಲ್ಲ, ಗಮಕ ಬೇಕು ಅಲ್ವಾ? ಸ್ಟೆಪ್‌ಗಳಲ್ಲಿ ಗಮಕ ಪೂರ್ತಿ ಬರುವುದಿಲ್ಲ, ಆದರೆ ಹತ್ತಿರ ಹೋಗಬಹುದು. ಗ್ಲೈಡ್ ಅಥವಾ ಸ್ಲೈಡ್ ಎಂಬ ಗುಣ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುತ್ತದೆ. ಅದನ್ನು ಎಲ್ಲ ಸ್ವರಗಳಿಗೂ ಹಾಕಬೇಡಿ. ಪದಿಂದ ದಕ್ಕೆ ಏರುವಲ್ಲಿ, ಗದಿಂದ ರಿಗೆ ಇಳಿಯುವಲ್ಲಿ ಮಾತ್ರ ಹಾಕಿ. ಜಾರಬೇಕಾದರೆ ಹಿಂದಿನ ಸ್ವರ ಮುಂದಿನದು ಶುರುವಾಗುವವರೆಗೂ ಉದ್ದ ಇರಬೇಕು, ಇಲ್ಲದಿದ್ದರೆ ಹಲವು ಪೆಟ್ಟಿಗೆಗಳು ಜಾರಿಸುವುದಿಲ್ಲ. ಪಿಚ್ ನಾಬ್ ಚಲನೆಯನ್ನು ರೆಕಾರ್ಡ್ ಮಾಡುವ ಸೌಲಭ್ಯ ಇದ್ದರೆ ದ ಮೇಲೆ ಕೈಯಿಂದ ಸಣ್ಣ ಕಂಪನ ಕೊಡಿ.

ಹದಿನಾಲ್ಕರ ಸುತ್ತು

ಈಗ ಸಂಬಾಳ. ಈ ಟ್ರ್ಯಾಕಿನ ಉದ್ದವನ್ನು ಮಾತ್ರ 14 ಸ್ಟೆಪ್ ಮಾಡಿ. ಪ್ರತಿ ಟ್ರ್ಯಾಕಿಗೆ ಬೇರೆ ಉದ್ದ ಇಡುವ ಸೌಲಭ್ಯ ಈಗಿನ ಹೆಚ್ಚಿನ ಪೆಟ್ಟಿಗೆಗಳಲ್ಲಿದೆ. ಮಿಶ್ರಛಾಪು ಏಳು ಎಣಿಕೆ: 3, 2, 2. ಪ್ರತಿ ಎಣಿಕೆಗೆ ಎರಡು ಸ್ಟೆಪ್ ಕೊಟ್ಟರೆ 6, 4, 4. ಪೆಟ್ಟು ಬೀಳುವುದು 1, 7, 11ರಲ್ಲಿ. 1ರಲ್ಲಿ ಜೋರು ಪೆಟ್ಟು, ಉಳಿದೆರಡು ಮೆತ್ತಗೆ.

ಪ್ಲೇ ಒತ್ತಿ. ಕಿಕ್ 16ರಲ್ಲಿ ಸುತ್ತುತ್ತದೆ, ಸಂಬಾಳ 14ರಲ್ಲಿ. ಎರಡೂ ಒಟ್ಟಿಗೆ ಶುರುವಾಗಿ ನಿಧಾನಕ್ಕೆ ದೂರ ಸರಿಯುತ್ತವೆ, 112 ಸ್ಟೆಪ್ ಆದ ಮೇಲೆ, ಅಂದರೆ ಏಳು ಬಾರ್ ಕಳೆದ ಮೇಲೆ, ಮತ್ತೆ ಸಮದಲ್ಲಿ ಸೇರುತ್ತವೆ. ಒಂದೇ ಒಂದು ಸಣ್ಣ ಲೂಪ್ ಹದಿನಾಲ್ಕು ಸೆಕೆಂಡ್ ಹೊಸದಾಗಿ ಕೇಳಿಸುತ್ತದೆ. ಹಾಡಿಗೆ ಇನ್ನೂ ನಾಲ್ಕು ಸದ್ದು ಸೇರಿಸುವುದಕ್ಕಿಂತ ಈ ಒಂದು ಬದಲಾವಣೆ ಜಾಸ್ತಿ ಕೊಡುತ್ತದೆ ಎಂದು ನನ್ನ ನಂಬಿಕೆ. ಪೆಟ್ಟಿಗೆಯಲ್ಲಿ ಮಾಸ್ಟರ್ ಲೆಂಗ್ತ್ ಎಂಬ ಸೆಟ್ಟಿಂಗ್ ಇದ್ದು ಅದು 64 ಇದ್ದರೆ ಎಲ್ಲವೂ 64ಕ್ಕೆ ಮತ್ತೆ ಮೊದಲಿನಿಂದ ಶುರುವಾಗುತ್ತವೆ. ಅದನ್ನು ಇನ್ಫಿನಿಟಿಗೆ ಹಾಕಿ.

ಪ್ರಾಬಬಿಲಿಟಿ (ಸ್ಟೆಪ್ ಕೆಲವು ಸಲ ಮಾತ್ರ ನುಡಿಯುವ ಸೌಲಭ್ಯ) ಇದ್ದರೆ ಒಂದೆರಡು ಚೆರಿ ಸ್ಟೆಪ್‌ಗಳಿಗೆ 50 ಪರ್ಸೆಂಟ್ ಕೊಡಿ. ಕಿಕ್‌ಗೆ ಕೊಡಬೇಡಿ.

ಲೂಪಿನಿಂದ ಹಾಡಿಗೆ

ಇಲ್ಲಿಗೆ ಬಂದು ನಿಲ್ಲುವವರೇ ಹೆಚ್ಚು. ಇನ್ನು ಮುಂದೆ ಹೊಸ ಸದ್ದು ಸೇರಿಸುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿ. ಇಲ್ಲಿಂದ ಎಲ್ಲ ಕೆಲಸ ತೆಗೆಯುವುದು ಮತ್ತು ವಾಪಸ್ ತರುವುದು.

120ರ ವೇಗದಲ್ಲಿ ಎಂಟು ಬಾರ್ ಅಂದರೆ 16 ಸೆಕೆಂಡ್. ಅಂಥ ಹನ್ನೊಂದು ತುಂಡು ಸೇರಿದರೆ 2 ನಿಮಿಷ 56 ಸೆಕೆಂಡ್. ಒಂದು ಕಾಗದದಲ್ಲಿ ಹನ್ನೊಂದು ಚೌಕ ಬರೆಯಿರಿ. ಎಡಗಡೆ ಎಂಟು ಸದ್ದಿನ ಹೆಸರು. ಯಾವ ಚೌಕದಲ್ಲಿ ಯಾವುದು ಇರಬೇಕೋ ಅಲ್ಲಿ ಗೀಟು ಹಾಕಿ.

ನಾನು ಮಾಡುವುದು ಹೀಗೆ. ಮೊದಲ ಚೌಕದಲ್ಲಿ ಮಳೆ ಮತ್ತು ಚೆರಿ ಮಾತ್ರ. ಎರಡನೆಯದರಲ್ಲಿ ಕಿಕ್ ಬರುತ್ತದೆ. ಮೂರು ಮತ್ತು ನಾಲ್ಕರಲ್ಲಿ ಚಪ್ಪಾಳೆ, ಹೈಹ್ಯಾಟ್ ಸೇರುತ್ತವೆ, ನಾಲ್ಕರ ಕೊನೆಯಲ್ಲಿ ಮಳೆ ಹೋಗುತ್ತದೆ. ಐದರಲ್ಲಿ ಬೇಸ್, ಫಿಲ್ಟರ್ ಮುಚ್ಚಿಕೊಂಡೇ ಬರುತ್ತದೆ. ಆರು ಮುಗಿಯುವಷ್ಟರಲ್ಲಿ ಕೈಯಿಂದ ನಿಧಾನಕ್ಕೆ ತೆರೆಯುತ್ತೇನೆ. ಏಳರಲ್ಲಿ ಕಿಕ್, ಬೇಸ್ ಎರಡೂ ಹೋಗಿ, ಮೆಲೊಡಿ ಮೊದಲ ಸಲ ಕೇಳಿಸುತ್ತದೆ, ಹಿಂದೆ ಮಳೆ. ಕೇಳುವವರು ಕಿಕ್‌ಗೆ ಕಾಯಬೇಕು. ಎಂಟರ ಮೊದಲ ಸ್ಟೆಪ್‌ನಲ್ಲಿ ಕಿಕ್, ಬೇಸ್, ಸಂಬಾಳ ಮೂರೂ ಒಟ್ಟಿಗೆ ಬರುತ್ತವೆ. ಹತ್ತರವರೆಗೂ ಪೂರ್ತಿ ಜೋರು. ಹನ್ನೊಂದರಲ್ಲಿ ಕಿಕ್ ತೆಗೆದು ಚೆರಿ, ಮೆಲೊಡಿ ಮಾತ್ರ ಬಿಟ್ಟು, ಕೊನೆಯ ಸ್ವರದ ಡಿಲೇ ಆರುವವರೆಗೆ ಕಾಯುತ್ತೇನೆ.

ಮೆಲೊಡಿಯನ್ನು ಏಳನೇ ಚೌಕದವರೆಗೆ, ಅಂದರೆ ಒಂದೂವರೆ ನಿಮಿಷ, ಕೈಯಲ್ಲಿ ಹಿಡಿದಿಡುವುದು ಕಷ್ಟ. ಮಾಡಿದವರಿಗೆ ಅದೇ ಮೊದಲು ಕೇಳಿಸಬೇಕು ಅನಿಸುತ್ತದೆ. ಆದರೂ ಹಿಡಿದಿಡಿ.

ಹೊಸ ಚೌಕಕ್ಕೆ ಹೋಗುವಾಗ ಸೂಚನೆ ಬೇಕು. ಎಂಟನೇ ಬಾರ್‌ನ ಕೊನೆಯ ನಾಲ್ಕು ಸ್ಟೆಪ್‌ನಲ್ಲಿ ಕಿಕ್ ತೆಗೆಯಿರಿ, ಸಾಕು. ಅಥವಾ ಅಲ್ಲಿ ಸಂಬಾಳದ ನಾಲ್ಕು ಪೆಟ್ಟು ಹಾಕಿ. ಇದಕ್ಕೆ ಪ್ಯಾಟರ್ನ್ ಕಾಪಿ ಮಾಡಿ, ಕಾಪಿಯಲ್ಲಿ ಮಾತ್ರ ಬದಲಾವಣೆ ಮಾಡಿ. ಹಾಗೆ ಕಾಪಿ ಮಾಡಿದ ಪ್ಯಾಟರ್ನ್‌ಗೆ ಹಾರಿದಾಗ ಕೆಲವು ಪೆಟ್ಟಿಗೆಗಳಲ್ಲಿ 14ರ ಸುತ್ತು ಮೊದಲಿನಿಂದ ಶುರುವಾಗುತ್ತದೆ. ಹಾಗಾದರೂ ತೊಂದರೆಯಿಲ್ಲ, ಚೌಕದ ಗಡಿಯಲ್ಲಿ ಸಮಕ್ಕೆ ಬಂದಂತೆ ಕೇಳಿಸುತ್ತದೆ.

ಸಾಂಗ್ ಮೋಡ್ ಎಂಬುದೊಂದು ಇರುತ್ತದೆ, ಎಲ್ಲವನ್ನೂ ಮೊದಲೇ ಬರೆದಿಡಬಹುದು. ಮೊದಲ ಹಾಡಿಗೆ ಅದು ಬೇಡ. ಕಾಗದ ಎದುರಿಗೆ ಇಟ್ಟುಕೊಂಡು ಮ್ಯೂಟ್ ಬಟನ್‌ಗಳನ್ನು ಕೈಯಿಂದಲೇ ನುಡಿಸಿ. ಕೈ ತಡವರಿಸಿದ ಜಾಗದಲ್ಲಿ ಕೆಲವೊಮ್ಮೆ ಕಾಗದದಲ್ಲಿ ಇಲ್ಲದ ಒಳ್ಳೆಯ ತಿರುವು ಸಿಗುತ್ತದೆ.

ಮಟ್ಟ ಸರಿಮಾಡುವುದು

ಎಲ್ಲ ವಾಲ್ಯೂಮ್ ಸೊನ್ನೆಗೆ ಇಳಿಸಿ. ಕಿಕ್ ಮೊದಲು, ಮುಕ್ಕಾಲಿಗೆ. ಆಮೇಲೆ ಬೇಸ್, ಕಿಕ್‌ಗಿಂತ ಸ್ವಲ್ಪ ಕೆಳಗೆ. ಉಳಿದವನ್ನು ಒಂದೊಂದಾಗಿ ಕೇಳಿಸುವಷ್ಟೇ ಏರಿಸಿ. ಕಿಕ್ ಮತ್ತು ಬೇಸ್ ಬಿಟ್ಟು ಉಳಿದೆಲ್ಲಕ್ಕೂ ತಗ್ಗು ಸದ್ದನ್ನು ತಡೆಯುವ ಹೈ ಪಾಸ್ ಫಿಲ್ಟರ್ ಹಾಕಿ ಸುಮಾರು 100 ಹರ್ಟ್ಜ್‌ನ ಕೆಳಗೆ ಕತ್ತರಿಸಿ. ಮಳೆ ರೆಕಾರ್ಡಿಂಗ್‌ನಲ್ಲಂತೂ ಕೆಳಗಡೆ ಕಾಣದ ಗುಡುಗು ತುಂಬಾ ಇರುತ್ತದೆ, ಅದಕ್ಕೆ 300ರವರೆಗೂ ಹೋಗಬಹುದು. ಕಿಕ್, ಬೇಸ್ ನಡುವೆಯೇ ಇರಲಿ. ಚೆರಿ ಎಡಕ್ಕೆ ಸ್ವಲ್ಪ, ಹೈಹ್ಯಾಟ್ ಬಲಕ್ಕೆ ಸ್ವಲ್ಪ.

ಹೆಡ್‌ಫೋನ್‌ನಲ್ಲಿ ಚೆನ್ನಾಗಿ ಕೇಳಿಸಿದ್ದು ಬೇರೆ ಕಡೆ ಕೇಳಿಸದೇ ಇರಬಹುದು. ಫೋನ್ ಸ್ಪೀಕರ್ 200 ಹರ್ಟ್ಜ್‌ಗಿಂತ ಕೆಳಗಿನದನ್ನು ಸರಿಯಾಗಿ ನುಡಿಸುವುದಿಲ್ಲ. ಅಲ್ಲಿ ಬೇಸ್ ಮಾಯವಾದರೆ ಬೇಸ್‌ಗೆ ಒಂಚೂರು ಡಿಸ್ಟಾರ್ಶನ್ ಹಾಕಿ, ಮೇಲಿನ ಸ್ವರಾಂಶಗಳು ಸೇರಿ ಅದು ಕೇಳಿಸುತ್ತದೆ. ಜೀಪು ಅಥವಾ ಕಾರಿನ ಸ್ಟೀರಿಯೊದಲ್ಲೂ ಒಮ್ಮೆ ಕೇಳಿ.

ರೆಕಾರ್ಡಿಂಗ್

ಯುಎಸ್‌ಬಿ ಆಡಿಯೋ ಇರುವ ಪೆಟ್ಟಿಗೆಯಾದರೆ ಒಂದೇ ಕೇಬಲ್‌ನಲ್ಲಿ ಫೋನ್ ಅಥವಾ ಕಂಪ್ಯೂಟರ್‌ಗೆ ರೆಕಾರ್ಡ್ ಆಗುತ್ತದೆ. ಇಲ್ಲದಿದ್ದರೆ ಲೈನ್ ಔಟ್‌ನಿಂದ ಆಡಿಯೋ ಇಂಟರ್‌ಫೇಸ್‌ಗೆ (ಸದ್ದನ್ನು ಕಂಪ್ಯೂಟರ್‌ಗೆ ಕಳಿಸುವ ಸಾಧನ) ಎರಡು ಕೇಬಲ್. ಕಂಪ್ಯೂಟರ್‌ನಲ್ಲಿ ಆಡಾಸಿಟಿ ಸಾಕು, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಅತಿ ಜೋರು ಭಾಗ ನುಡಿಸಿ ನೋಡಿ, ಮೀಟರ್ ಮೈನಸ್ 6 ದಾಟದಂತೆ ಇಡಿ. ಶುರು ಮತ್ತು ಕೊನೆಯಲ್ಲಿ ಐದು ಸೆಕೆಂಡ್ ಖಾಲಿ ಬಿಡಿ. ಒಂದೇ ಸಲಕ್ಕೆ ಮೂರು ನಾಲ್ಕು ಟೇಕ್ ತಗೊಂಡು ಮರುದಿನ ಕೇಳಿ ಆರಿಸಿ. ಅದೇ ರಾತ್ರಿ ಆರಿಸಬೇಡಿ, ಕಿವಿ ದಣಿದಿರುತ್ತದೆ.

ಫೈನಲ್ ಟೇಕ್ ವೇವ್ ಫೈಲ್ ಆಗಿಯೇ ಇಡಿ, ಎಂಪಿ3 ಬೇರೆ ಕಾಪಿ ಮಾಡಿ. ಪೆಟ್ಟಿಗೆಯ ಪ್ರಾಜೆಕ್ಟ್ ಮತ್ತು ಸ್ಯಾಂಪಲ್‌ಗಳನ್ನು ಕಂಪ್ಯೂಟರ್‌ಗೆ ಬ್ಯಾಕಪ್ ಮಾಡಿ. ಸ್ಯಾಂಪಲ್ ಫೈಲ್‌ಗಳ ಹೆಸರಲ್ಲೇ ಊರು, ತಿಂಗಳು ಬರೆಯಿರಿ: ಆಲ್ದೂರು-ಚೆರಿ-ಜನವರಿ, ಕಳಸ-ಹಂಚಿನ-ಮಳೆ-ಜುಲೈ ಹೀಗೆ. ಮುಂದಿನ ಹಾಡಿಗೆ ಹುಡುಕುವಾಗ ಗೊತ್ತಾಗುತ್ತದೆ.

ಜನರ ಮುಂದೆ ನುಡಿಸುವುದಾದರೆ

ಗಣೇಶನ ಪೆಂಡಾಲಿನಲ್ಲೋ ಕಾಲೇಜಿನ ಕಾರ್ಯಕ್ರಮದಲ್ಲೋ ಅವಕಾಶ ಸಿಕ್ಕರೆ ಸೌಂಡ್ ಸಿಸ್ಟಮ್‌ನವರನ್ನು ಮೊದಲೇ ಮಾತಾಡಿಸಿ. ಅಲ್ಲಿ ಸಾಮಾನ್ಯವಾಗಿ ಎಲ್ಲವೂ ಮೋನೋ. ಎಡ-ಬಲ ಮಾಡಿಟ್ಟ ಸದ್ದುಗಳು ಕಳೆದುಹೋಗದಂತೆ ಮನೆಯಲ್ಲೇ ಮೋನೋದಲ್ಲಿ ಕೇಳಿ ನೋಡಿ. ಪೆಟ್ಟಿಗೆಯ ಎಡಗಡೆಯ ಔಟ್‌ಪುಟ್‌ನಲ್ಲಿ ಮೋನೋ ಎಂದು ಬರೆದಿದ್ದರೆ ಅದೊಂದಕ್ಕೇ ದಪ್ಪ ಪಿನ್ನಿನ ಕೇಬಲ್ ಹಾಕಿ. ಕೇಬಲ್ ಉದ್ದ ಜಾಸ್ತಿ ಇದ್ದರೆ ಅಥವಾ ಹಮ್ ಬಂದರೆ ಡಿಐ ಬಾಕ್ಸ್ (ಉದ್ದ ಕೇಬಲ್‌ನಲ್ಲಿ ಹಮ್ ಇಲ್ಲದೆ ಸದ್ದು ಕಳಿಸುವ ಸಣ್ಣ ಪೆಟ್ಟಿಗೆ) ಕೇಳಿ. ಮಿಕ್ಸರ್‌ನ ಲೈನ್ ಇನ್‌ಪುಟ್ ಬೇಕು, ಮೈಕ್ ಇನ್‌ಪುಟ್‌ಗೆ ನೇರ ಹಾಕಿದರೆ ಸದ್ದು ಒಡೆಯುತ್ತದೆ. ಸೆಲ್ ಹೊಸದು ಹಾಕಿಕೊಳ್ಳಿ, ಇನ್ನೊಂದು ಸೆಟ್ ಜೇಬಿನಲ್ಲಿರಲಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕಕ್ಕೆ ಕಾನೂನಿನ ನಿರ್ಬಂಧ ಇದೆ. ಆದ್ದರಿಂದ ನಿಮ್ಮ ಸರದಿ ಒಂಬತ್ತು ಗಂಟೆಯೊಳಗೆ ಬರುವಂತೆ ಆಯೋಜಕರ ಹತ್ತಿರ ಮಾತಾಡಿಕೊಳ್ಳಿ. ಕಾರ್ಯಕ್ರಮ ತಡವಾಗಿ, ಕೊನೆಯಲ್ಲಿ ಇರುವವರ ಸಮಯವೇ ಕಡಿತವಾಗುವುದು ಹೆಚ್ಚು.